ಯಾರ ಹೆಸರು ಕೂಗಿದರು? ಶಾಲೆಯ ನೆರವುಗಳಿಗೆ ಒಂದು ವಿಮರ್ಶೆ

ಜೂನ್ ಬಂತೆಂದರೆ ಊರಿನ ಸರ್ಕಲ್ಲಿನಲ್ಲಿ ಒಂದು ಫ್ಲೆಕ್ಸ್ ಏಳುತ್ತದೆ: ‘ಬಡ ವಿದ್ಯಾರ್ಥಿಗಳಿಗೆ ಉಚಿತ ನೋಟ್‌ಬುಕ್ ವಿತರಣೆ’. ಮೇಲೆ ದಾನಿಗಳ ಮುಖ ದೊಡ್ಡದಾಗಿ, ಕೆಳಗೆ ಅತಿಥಿಗಳ ಮುಖ ಸಾಲಾಗಿ. ಅವತ್ತು ಮಕ್ಕಳನ್ನು ಹತ್ತೂವರೆಗೇ ಕೂರಿಸಿ, ಹನ್ನೆರಡಕ್ಕೆ ಬರುವ ಅತಿಥಿಗಾಗಿ ಕಾಯಿಸಿ, ಆಮೇಲೆ ಒಬ್ಬೊಬ್ಬರ ಹೆಸರನ್ನು ಮೈಕಿನಲ್ಲಿ ಕೂಗಿ ವೇದಿಕೆ ಹತ್ತಿಸುತ್ತಾರೆ. ಪುಸ್ತಕದ ಕಟ್ಟಿನ ಒಂದು ತುದಿ ಮಗುವಿನ ಕೈಯಲ್ಲಿ, ಇನ್ನೊಂದು ತುದಿ ದಾನಿಯ ಕೈಯಲ್ಲಿ. ಫೋಟೋದವನು ‘ಇಲ್ಲಿ ನೋಡಿ’ ಅಂದು ಮುಗಿಸುವವರೆಗೆ ಇಬ್ಬರೂ ಬಿಡುವಂತಿಲ್ಲ. ಸಂಜೆಯೊಳಗೆ ಆ ಫೋಟೋ ಊರಿನ ವಾಟ್ಸಾಪ್ ಗುಂಪುಗಳನ್ನೆಲ್ಲ ಸುತ್ತಿ ಬಂದಿರುತ್ತದೆ.

ಶಾಲೆಯಲ್ಲಿ ಸಿಗುವ ನೆರವನ್ನು ತೂಗುವಾಗ ಎರಡು ಪ್ರಶ್ನೆ ಎಲ್ಲರೂ ಕೇಳುತ್ತಾರೆ: ಎಷ್ಟು ಕೊಟ್ಟರು, ಎಷ್ಟು ಮಂದಿಗೆ ಮುಟ್ಟಿತು. ಮೂರನೆಯದನ್ನು ಕೇಳುವವರು ಕಡಿಮೆ. ಕೊಡುವಾಗ ಮಗುವಿನ ಹೆಸರನ್ನು ಎಷ್ಟು ಜನರ ಮುಂದೆ, ಎಷ್ಟು ಸಲ ಕೂಗಿದರು? ಕರ್ನಾಟಕದ ಶಾಲೆಗಳಲ್ಲಿ ಈಗ ನಡೆಯುತ್ತಿರುವ ನೆರವುಗಳನ್ನು ಇಲ್ಲಿ ಅಳೆದಿರುವುದು ಮುಖ್ಯವಾಗಿ ಈ ಕೋಲಿನಿಂದ. ಮನೆಯಲ್ಲಿ ದುಡ್ಡಿಲ್ಲ ಅನ್ನುವುದು ಮಗುವಿಗೆ ಮೊದಲೇ ಗೊತ್ತು. ಅದನ್ನು ತರಗತಿಗೂ ಗೊತ್ತು ಮಾಡಿಸುವ ಕ್ರಮವೊಂದು ಇರುತ್ತದಲ್ಲ, ಚುಚ್ಚುವುದು ಅದು.

ಊಟ, ಹಾಲು, ಮೊಟ್ಟೆ

ಹೆಸರು ಕೂಗದ ನೆರವಿಗೆ ನಮ್ಮಲ್ಲಿರುವ ಅತಿ ದೊಡ್ಡ ಉದಾಹರಣೆ ಬಿಸಿಯೂಟ. ಬೇಯಿಸಿದ ಊಟವನ್ನೇ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಹೇಳಿತು. ರಾಜ್ಯದ ಬಿಸಿಯೂಟ ಯೋಜನೆ ಅಕ್ಷರ ದಾಸೋಹ 2002ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಿಂದ ಶುರುವಾಯಿತು. ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಆರರಿಂದ ಎಂಟರವರಿಗೆ ಎಲ್ಲವೂ ಇದರ ಒಂದೂವರೆ ಪಟ್ಟು. ಒಂಬತ್ತು, ಹತ್ತನೇ ತರಗತಿಗೆ ರಾಜ್ಯ ತನ್ನ ಖರ್ಚಿನಲ್ಲಿ ಬಡಿಸುತ್ತದೆ. ಆದಾಯ ಪ್ರಮಾಣಪತ್ರ ಕೇಳುವುದಿಲ್ಲ, ಪಟ್ಟಿ ಓದುವುದಿಲ್ಲ. ಸಾಲಿನಲ್ಲಿ ಕುಳಿತವರಿಗೆಲ್ಲ ಒಂದೇ ಸೌಟು.

ಆದರೂ ಕಳಂಕ ನುಸುಳುವ ಜಾಗಗಳಿವೆ. ಪೇಟೆಯ ಅನುದಾನಿತ ಪ್ರೌಢಶಾಲೆಗಳಲ್ಲಿ ಇದು ಹೆಚ್ಚು. ಅನುಕೂಲಸ್ಥರ ಮಕ್ಕಳು ಡಬ್ಬಿ ತಂದು ತರಗತಿಯೊಳಗೆ ಫ್ಯಾನಿನ ಕೆಳಗೆ ಉಣ್ಣುತ್ತಾರೆ, ಉಳಿದವರು ತಟ್ಟೆ ಹಿಡಿದು ಅಡುಗೆಮನೆ ಪಕ್ಕದ ಜಗಲಿಗೆ ಹೋಗುತ್ತಾರೆ. ಯಾರೂ ಯಾರನ್ನೂ ಬೇರ್ಪಡಿಸಿಲ್ಲ, ಆದರೆ ಯಾರು ಯಾವ ಮನೆಯವರು ಅನ್ನುವುದು ಒಂದು ಗಂಟೆಯ ಬೆಲ್ಲಿಗೆ ದಿನವೂ ಪ್ರಕಟವಾಗುತ್ತದೆ. ಎಂಟನೇ ತರಗತಿಯ ಹೆಣ್ಣುಮಕ್ಕಳು ‘ಹಸಿವಿಲ್ಲ ಮಿಸ್’ ಅನ್ನಲು ಶುರುಮಾಡುವುದು ಇಂಥ ಕಡೆಯೇ. ಮದ್ದು ಸುಲಭ: ಡಬ್ಬಿಯವರೂ ಅದೇ ಜಗಲಿಯಲ್ಲಿ, ಅದೇ ಪಂಕ್ತಿಯಲ್ಲಿ ಕೂರಲಿ. ಬಡಿಸುವ ಮೊದಲು ಶಿಕ್ಷಕರೊಬ್ಬರು ರುಚಿ ನೋಡಿ ವಹಿಯಲ್ಲಿ ಬರೆಯಬೇಕು ಎಂಬ ನಿಯಮ ಇದ್ದೇ ಇದೆ. ಅಡುಗೆಮನೆಯ ಬಾಗಿಲಲ್ಲಿ ಒಂದು ಚಮಚ ಬಾಯಿಗೆ ಹಾಕಿಕೊಂಡು ಸಹಿ ಮಾಡುವ ಬದಲು ಅದೇ ಪಂಕ್ತಿಯಲ್ಲಿ ಕುಳಿತು ಉಂಡರೆ ಡಬ್ಬಿಯವರು ತಾವಾಗಿಯೇ ಸಾರು ಹಾಕಿಸಿಕೊಳ್ಳುತ್ತಾರೆ. ತಟ್ಟೆ ಮನೆಯಿಂದ ತರಬೇಕಾದ ಶಾಲೆಗಳಲ್ಲಿ ಇನ್ನೊಂದು ತೊಡಕು: ಒಬ್ಬರದು ಹೊಳೆಯುವ ಸ್ಟೀಲು, ಒಬ್ಬರದು ಅಂಚು ಬಿಟ್ಟ ಪ್ಲಾಸ್ಟಿಕ್ಕು. ಹಳೆಯ ವಿದ್ಯಾರ್ಥಿಗಳು ‘ಶಾಲೆಗೆ ಏನು ಬೇಕು’ ಎಂದು ಕೇಳಿಕೊಂಡು ಬಂದಾಗ ಸ್ಮಾರ್ಟ್ ಟಿವಿಗಿಂತ ಮೊದಲು ಒಂದೇ ಬಗೆಯ ತಟ್ಟೆ, ಲೋಟ ಕೇಳುವುದು ಜಾಣತನ. ಮಕ್ಕಳ ಸಂಖ್ಯೆಯ ಮೇಲೆ ಹತ್ತಕ್ಕೊಂದು ಹೆಚ್ಚು ತೆಗೆದಿಡಿ. ತಟ್ಟೆ ಕಳೆಯುತ್ತದೆ, ಲೋಟ ಅದಕ್ಕಿಂತ ಹೆಚ್ಚು ಕಳೆಯುತ್ತದೆ.

ಕ್ಷೀರಭಾಗ್ಯ 2013ರ ಆಗಸ್ಟ್ 1ರಂದು ಶುರುವಾದದ್ದು. 18 ಗ್ರಾಂ ಕೆನೆಭರಿತ ಹಾಲಿನ ಪುಡಿಯಿಂದ 150 ಮಿಲಿ ಹಾಲು. ದೂರು ಬರುವುದು ರುಚಿಯ ಬಗ್ಗೆ, ಅದಕ್ಕೆ ಕಾರಣ ಸಾಮಾನ್ಯವಾಗಿ ಪುಡಿಯನ್ನು ನೇರ ಕುದಿಯುವ ನೀರಿಗೆ ಸುರಿಯುವುದು. ಗಂಟು ಕಟ್ಟುತ್ತದೆ, ತಳ ಹತ್ತಿ ಹೊತ್ತಿದ ವಾಸನೆ ಹಿಡಿಯುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಮೊದಲು ಪೇಸ್ಟಿನಂತೆ ಕಲಸಿಕೊಂಡು, ಆಮೇಲೆ ಬಿಸಿನೀರಿಗೆ ಬಿಟ್ಟು ಕೈಯಾಡಿಸುತ್ತ ಕಾಯಿಸಿದರೆ ಆ ತಾಪತ್ರಯ ಇಲ್ಲ. ಹೆಸರು ಕೂಗುವ ಪ್ರಶ್ನೆಯೇ ಬರದ ಸೇವೆ, ಅಷ್ಟು ಸಾಕು.

ಮೊಟ್ಟೆಯದು ಬೇರೆ ಕಥೆ. 2024ರ ಸೆಪ್ಟೆಂಬರಿನಿಂದ, ಅಜೀಂ ಪ್ರೇಮ್‌ಜಿ ಫೌಂಡೇಶನ್ ಹಣ ಸೇರಿಸಿದ ಮೇಲೆ, ವಾರಕ್ಕೆ ಎರಡಿದ್ದದ್ದು ಆರಾಯಿತು. ತಿನ್ನದವರಿಗೆ ಬಾಳೆಹಣ್ಣು. ಆಯ್ಕೆ ಒಳ್ಳೆಯದೇ, ಆದರೆ ಆಯ್ಕೆಯನ್ನು ದಿನವೂ ಬಾಯಿಬಿಟ್ಟು ಹೇಳಿಸಿದರೆ ಅದು ಜಾತಿಯ ಹಾಜರಿ ಆಗುತ್ತದೆ. ‘ಮೊಟ್ಟೆ ತಿನ್ನೋರು ಈ ಕಡೆ, ಬಾಳೆಹಣ್ಣಿನವರು ಆ ಕಡೆ’ ಎಂದು ಎರಡು ಸಾಲು ಮಾಡಿಸಿದ ಶಾಲೆಗೆ ಪೂರ್ತಿ ಅಂಕ ಕೊಡಲಾಗದು. ಎರಡು ಬುಟ್ಟಿ ಒಂದೇ ಮೇಜಿನ ಮೇಲಿಟ್ಟು, ಸಾಲು ಒಂದೇ ಇಟ್ಟು, ಬೇಕಾದದ್ದನ್ನು ತೆಗೆದುಕೊಂಡು ಮುಂದೆ ಹೋಗಲು ಬಿಟ್ಟರೆ ಮುಗಿಯಿತು. ಲೆಕ್ಕ ತಪ್ಪುತ್ತದೆ ಎಂದು ಶಿಕ್ಷಕರು ಅಂಜುತ್ತಾರೆ. ಬುಟ್ಟಿಗೆ ಹಾಕುವಾಗ ಎಣಿಸಿ, ಉಳಿದದ್ದನ್ನು ಎಣಿಸಿ, ಕಳೆಯಿರಿ. ಮಕ್ಕಳ ತಲೆ ಎಣಿಸುವ ಅಗತ್ಯವೇ ಇಲ್ಲ. ಮೊಟ್ಟೆಯೊಂದಕ್ಕೆ ನಿಗದಿಯಾದ 6 ರೂಪಾಯಿಯಲ್ಲೇ ಖರೀದಿ, ಸಾಗಣೆ, ಬೇಯಿಸುವ ಇಂಧನ, ಸಿಪ್ಪೆ ಸುಲಿಯುವ ಕೂಲಿ ಎಲ್ಲವೂ ಆಗಬೇಕು. ಮಾರುಕಟ್ಟೆ ದರವೇ ಆರರ ಗಡಿ ದಾಟಿದ ವಾರ ಮುಖ್ಯ ಶಿಕ್ಷಕರ ಜೇಬಿಗೆ ಕತ್ತರಿ ಬೀಳುತ್ತದೆ, ಇಲ್ಲವೇ ಬುಟ್ಟಿಯಲ್ಲಿ ಬಾಳೆಹಣ್ಣು ಹೆಚ್ಚಾಗುತ್ತದೆ.

ಬಟ್ಟೆ ಮತ್ತು ಬೂಟು

ಸಮವಸ್ತ್ರ ಹುಟ್ಟಿದ್ದೇ ಮೇಲು ಕೀಳು ಮರೆಸಲಿಕ್ಕೆ. ಸರ್ಕಾರಿ ಶಾಲೆಯ ಒಂದರಿಂದ ಹತ್ತನೇ ತರಗತಿಯ ಎಲ್ಲ ಮಕ್ಕಳಿಗೂ ಸರ್ಕಾರದ ವಿದ್ಯಾವಿಕಾಸ ಯೋಜನೆಯಡಿ ಬಟ್ಟೆ ಸಿಗುತ್ತದೆ. ಸಿಗುವುದು ಬಟ್ಟೆ, ಹೊಲಿಗೆ ಕೂಲಿ ಮನೆಯವರದು. ಜೂನ್ ತಿಂಗಳಲ್ಲಿ ಬಾಡಿಗೆ, ಬಿತ್ತನೆ, ಅಣ್ಣನ ಕಾಲೇಜಿನ ಫೀಸು ಎಲ್ಲ ಒಟ್ಟಿಗೆ ಬಂದು ಕೂತಾಗ ಟೈಲರ್ ಅಂಗಡಿಗೆ ಹೋಗುವ ಬಟ್ಟೆ ಟ್ರಂಕಿನಲ್ಲೇ ಉಳಿಯುತ್ತದೆ. ಆಗಸ್ಟ್ 15ರ ಪರೇಡಿನಲ್ಲಿ ಹಳೆಯ ಕುಗ್ಗಿದ ಚಡ್ಡಿಯಲ್ಲೋ ಬಣ್ಣದ ಅಂಗಿಯಲ್ಲೋ ಹಿಂದಿನ ಸಾಲಿನಲ್ಲಿ ನಿಂತ ನಾಲ್ಕು ಮಕ್ಕಳನ್ನು ನೋಡಿ. ಎಲ್ಲರಿಗೂ ಕೊಟ್ಟ ಯೋಜನೆ ಕೊನೆಯ ಗೇಣಿನಲ್ಲಿ ನಿಂತುಹೋಗಿ, ಯಾರು ಕಡುಬಡವರು ಅನ್ನುವುದನ್ನು ಮೊದಲಿಗಿಂತ ಸ್ಪಷ್ಟವಾಗಿ ತೋರಿಸಿಬಿಟ್ಟಿರುತ್ತದೆ.

ಇದನ್ನು ಚೆನ್ನಾಗಿ ನಿಭಾಯಿಸುವ ಶಾಲಾಭಿವೃದ್ಧಿ ಸಮಿತಿಗಳು ಮಾಡುವುದಿಷ್ಟು: ಬಟ್ಟೆಯನ್ನು ಮನೆಗೆ ಕಳಿಸುವುದೇ ಇಲ್ಲ. ಬಟ್ಟೆ ಬಂದ ವಾರದಲ್ಲೇ ಊರಿನ ಟೈಲರನ್ನೋ ಹೊಲಿಗೆ ಬಲ್ಲ ಸ್ತ್ರೀಶಕ್ತಿ ಸಂಘದವರನ್ನೋ ಶಾಲೆಗೇ ಕರೆಸಿ, ಒಂದೇ ದಿನ ಎಲ್ಲ ಮಕ್ಕಳ ಅಳತೆ ತೆಗೆಸುತ್ತಾರೆ. ಸಗಟು ಕೆಲಸವಾದ್ದರಿಂದ ಕೂಲಿ ಇಳಿಯುತ್ತದೆ. ಕೊಡಬಲ್ಲವರಿಂದ ಕಾರ್ಯದರ್ಶಿ ಸದ್ದಿಲ್ಲದೆ ಪಡೆಯುತ್ತಾರೆ, ಆಗದವರದನ್ನು ದಾನಿಯ ಹಣದಿಂದ ತುಂಬುತ್ತಾರೆ. ಬಟ್ಟೆ ಎಲ್ಲರ ಕೈಗೂ ಒಂದೇ ದಿನ ಬರುತ್ತದೆ, ಯಾರ ಕೂಲಿ ಯಾರು ಕೊಟ್ಟರೆಂದು ಮಕ್ಕಳಿಗೆ ತಿಳಿಯುವುದಿಲ್ಲ. ಅಳತೆ ತೆಗೆಯುವಾಗ ಲಂಗಕ್ಕೆ, ಪ್ಯಾಂಟಿಗೆ ಕೆಳಗೆ ಎರಡು ಇಂಚು ಮಡಿಕೆ ಬಿಡಿಸಿ. ಆರು, ಏಳನೇ ತರಗತಿಯಲ್ಲಿ ಮಕ್ಕಳು ಬೆಳೆಯುವ ವೇಗಕ್ಕೆ ಮಡಿಕೆ ಇಲ್ಲದ ಬಟ್ಟೆ ಜನವರಿಗೆ ಗಿಡ್ಡವಾಗುತ್ತದೆ.

ಬೂಟಿಗೆ ಸರ್ಕಾರ ಕೊಡುವುದು ತಲಾ 265 ರೂಪಾಯಿ (ಒಂದರಿಂದ ಐದು), 295 (ಆರರಿಂದ ಎಂಟು), 325 (ಒಂಬತ್ತು, ಹತ್ತು). ಇದರಲ್ಲೇ ಒಂದು ಜೊತೆ ಕಪ್ಪು ಬೂಟು, ಎರಡು ಜೊತೆ ಬಿಳಿ ಕಾಲುಚೀಲ ಕೊಡಬೇಕು ಎಂದು ಈ ದರ ಕಟ್ಟಿದ್ದು. ಬೂಟಿನ ಬೆಲೆ ಗೊತ್ತಿದ್ದವರಿಗೆ ಗುಣಮಟ್ಟದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಖರೀದಿಗೆ ಮೊದಲು ವಯಸ್ಸಿನ ಮೇಲೆ ಸೈಜು ಅಂದಾಜಿಸುವ ಬದಲು ಹಾಳೆಯ ಮೇಲೆ ಪಾದದ ಗೆರೆ ಎಳೆಸಿಕೊಳ್ಳಿ, ಒಂದು ಸೈಜು ದೊಡ್ಡದು ತನ್ನಿ. ಸೈಜು ತಪ್ಪಿದ ಬೂಟು ಬದಲಾಯಿಸಿಕೊಡಬೇಕೆಂದು ಅಂಗಡಿಯವರಿಂದ ಮೊದಲೇ ಬರೆಸಿಕೊಳ್ಳಿ.

ಆರ್‌ಟಿಇ ಸೀಟು

ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ) 12(1)(ಸಿ) ಕಲಂ ಖಾಸಗಿ ಶಾಲೆಗಳ ಶೇ 25ರಷ್ಟು ಸೀಟನ್ನು ಬಡ ಮತ್ತು ಹಿಂದುಳಿದ ಮನೆಗಳ ಮಕ್ಕಳಿಗೆ ತೆರೆಯಿತು. ಕರ್ನಾಟಕದಲ್ಲಿ 2012-13ರಿಂದ ದಾಖಲಾತಿ ಶುರು. ಆ ವರ್ಷದ ಜುಲೈನಲ್ಲೇ ಬೆಂಗಳೂರಿನ ಖಾಸಗಿ ಶಾಲೆಯೊಂದರಲ್ಲಿ ಆರ್‌ಟಿಇ ಮಕ್ಕಳನ್ನು ಗುರುತಿಸಲೆಂದು ಅವರ ತಲೆಗೂದಲು ಕತ್ತರಿಸಿದ ಆರೋಪ ಬಂದು ರಾಜ್ಯವೇ ಬೆಚ್ಚಿಬಿದ್ದಿತ್ತು. ಕಾಯ್ದೆಯಡಿ ಕೇಂದ್ರ ರೂಪಿಸಿದ ಮಾದರಿ ನಿಯಮ ಇದನ್ನು ಮೊದಲೇ ಊಹಿಸಿದಂತಿದೆ: ಈ ಮಕ್ಕಳನ್ನು ಬೇರೆ ಕೂರಿಸಬಾರದು, ಬೇರೆ ಜಾಗ ಬೇರೆ ವೇಳೆಯಲ್ಲಿ ತರಗತಿ ನಡೆಸಬಾರದು, ಪುಸ್ತಕ, ಸಮವಸ್ತ್ರ, ಗ್ರಂಥಾಲಯ, ಕಂಪ್ಯೂಟರ್, ಆಟ ಯಾವುದರಲ್ಲೂ ಭೇದ ಮಾಡಬಾರದು.

ಕೂದಲು ಕತ್ತರಿಸುವಂಥದ್ದು ಸುದ್ದಿಯಾಗುತ್ತದೆ. ಸುದ್ದಿಯಾಗದ್ದು ಕಾಗದದಲ್ಲಿರುತ್ತದೆ. ಶಾಲೆಯನ್ನು ಅಳೆಯಬೇಕಾದರೆ ‘ಆರ್‌ಟಿಇ’ ಎಂಬ ಮೂರಕ್ಷರ ಎಲ್ಲೆಲ್ಲಿ ಕಾಣುತ್ತದೆ ನೋಡಿ. ಆಫೀಸಿನ ಕಡತದಲ್ಲಿ, ಮರುಪಾವತಿ ಅರ್ಜಿಯಲ್ಲಿ ಇರಲೇಬೇಕು. ಹಾಜರಿ ಪುಸ್ತಕದಲ್ಲಿ ಹೆಸರಿನ ಪಕ್ಕ ಕೆಂಪು ಇಂಕಿನಲ್ಲಿ ಇದ್ದರೆ ಯಾಕೆ? ದಿನಕ್ಕೆ ಆರು ಜನ ಶಿಕ್ಷಕರು ಅದನ್ನು ತೆರೆಯುತ್ತಾರೆ, ಮಾನಿಟರ್ ಹುಡುಗ ಸ್ಟಾಫ್ ರೂಮಿನಿಂದ ಎತ್ತಿಕೊಂಡು ಬರುತ್ತಾನೆ. ರೋಲ್ ನಂಬರ್ ಕೊಡುವಾಗ ಅಕಾರಾದಿ ಬಿಟ್ಟು ಇವರನ್ನು ಪಟ್ಟಿಯ ಕೊನೆಗೆ ಹಾಕುವ ಶಾಲೆಗಳಿವೆ. 31ರಿಂದ 40 ಅಂದರೆ ಯಾರು ಅನ್ನುವುದು ಮಕ್ಕಳಿಗೆ ಒಂದೇ ವಾರದಲ್ಲಿ ಬಾಯಿಪಾಠ. ‘ಆರ್‌ಟಿಇ ಪೇರೆಂಟ್ಸ್’ ಎಂಬ ಪ್ರತ್ಯೇಕ ವಾಟ್ಸಾಪ್ ಗುಂಪೂ ಇದೇ ಜಾತಿಯದು.

ಇನ್ನು ದುಡ್ಡಿನ ಗಂಟು. ಸರ್ಕಾರ ಶಾಲೆಗೆ ಮರುಪಾವತಿಸುವುದು ಒಂದರಿಂದ ಎಂಟನೇ ತರಗತಿಯ ಮಗುವಿಗೆ ವರ್ಷಕ್ಕೆ ಗರಿಷ್ಠ 16,000, ಎಲ್‌ಕೆಜಿ-ಯುಕೆಜಿಗೆ 8,000 ರೂಪಾಯಿ. ಅದು ಕಂತಿನಲ್ಲಿ ಬರುತ್ತದೆ, ತಡವಾಗಿ ಬರುತ್ತದೆ. ಬಸ್ಸು, ಪ್ರವಾಸ, ವಾರ್ಷಿಕೋತ್ಸವದ ಡ್ರೆಸ್ಸು, ಶಾಲೆಯೇ ಮಾರುವ ಪುಸ್ತಕದ ಸೆಟ್ಟು ಇವೆಲ್ಲ ಸಾಮಾನ್ಯವಾಗಿ ಮನೆಯವರ ಮೇಲೆ ಬೀಳುತ್ತವೆ. ಬಾಕಿ ಉಳಿದಾಗ ಶಾಲೆ ಚೀಟಿಯನ್ನು ಮಗುವಿನ ಡೈರಿಗೆ ಅಂಟಿಸುತ್ತದೆ. ಪ್ರವಾಸದ ದಿನ ಖಾಲಿ ತರಗತಿಯಲ್ಲಿ ಬಣ್ಣ ಹಚ್ಚುತ್ತ ಕುಳಿತ ಮೂವರು ಯಾರೆಂದು ಕೇಳಬೇಕಾಗಿಲ್ಲ. ಪೋಷಕರಿಗೆ ಒಂದು ಮಾತು: ದಾಖಲಾತಿ ದಿನವೇ, ಬೋಧನಾ ಶುಲ್ಕ ಬಿಟ್ಟು ವರ್ಷದಲ್ಲಿ ಇನ್ನೇನೇನು ಕಟ್ಟಬೇಕಾಗುತ್ತದೆ ಎಂದು ಬರವಣಿಗೆಯಲ್ಲಿ ಕೇಳಿ ಇಟ್ಟುಕೊಳ್ಳಿ. ಭೇದ ಮಾಡಿದರೆ ದೂರು ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ, ಅಲ್ಲಿ ಕದಲದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ. ದೂರಿನಲ್ಲಿ ‘ತುಂಬಾ ಭೇದ ಮಾಡುತ್ತಾರೆ’ ಎಂದು ಬರೆದರೆ ನಿಲ್ಲುವುದಿಲ್ಲ. ಯಾವ ದಿನಾಂಕ, ಯಾವ ತರಗತಿ, ಯಾರು ಏನು ಮಾಡಿದರು, ಡೈರಿಯ ಯಾವ ಪುಟ ಎಂದು ಬರೆದು ಪ್ರತಿ ಲಗತ್ತಿಸಿ.

ಎಂಟನೇ ತರಗತಿ ಮುಗಿದೊಡನೆ ಹಕ್ಕೂ ಮುಗಿಯುತ್ತದೆ. ಒಂಬತ್ತಕ್ಕೆ ಪೂರ್ತಿ ಫೀಸು ಕಟ್ಟಬೇಕು, ಇಲ್ಲ ಟಿಸಿ ತೆಗೆದುಕೊಳ್ಳಬೇಕು. ಹತ್ತು ವರ್ಷ ಒಟ್ಟಿಗೆ ಓದಿದವರ ನಡುವಿನಿಂದ ಎದ್ದು ಹೋಗುವುದು ಇಡೀ ಯೋಜನೆಯ ಅತ್ಯಂತ ದೊಡ್ಡ ಗುರುತು ಹಾಕುವಿಕೆ, ಅದನ್ನು ಕಾಯ್ದೆಯೇ ಮಾಡುತ್ತದೆ. ಅಂದಹಾಗೆ ಈಗ ಹೊಸದಾಗಿ ಸೀಟು ಹುಡುಕುವವರಿಗೆ ನಿರಾಸೆ ಕಾದಿದೆ. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯ ಸೀಟು ಸಿಗುವುದಿಲ್ಲ ಎಂದು ರಾಜ್ಯ ನಿಯಮ ತಿದ್ದಿತು, 2019ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಲಕ್ಷಕ್ಕೂ ಮೀರಿದ್ದ ಸೀಟು ಆ ವರ್ಷದಿಂದಲೇ ಕುಸಿಯಿತು.

ವಿಶೇಷ ತರಗತಿ

ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಇಲ್ಲಿ. ಮನೆಯಲ್ಲಿ ಓದಿಸುವವರಿಲ್ಲದ, ಟ್ಯೂಷನ್ ದುಡ್ಡಿಲ್ಲದ ಮಗುವಿಗೆ ಶಾಲೆ ಕೊಡಬಲ್ಲ ನಿಜವಾದ ನೆರವು ಅಂದರೆ ಹೆಚ್ಚುವರಿ ಪಾಠ. ಇಲಾಖೆಯ ಭಾಷೆಯಲ್ಲಿ ಪರಿಹಾರ ಬೋಧನೆ. ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಂ ಪ್ರಕಾರ, ಮಗುವಿನ ಕಲಿಕೆ ಅಳೆದು ಬೇಕಾದಷ್ಟು ಹೆಚ್ಚುವರಿ ಬೋಧನೆ ಕೊಡುವುದು ಶಿಕ್ಷಕರ ಕರ್ತವ್ಯ. ಕಳಂಕ ಹೆಚ್ಚು ಹುಟ್ಟುವುದೂ ಇಲ್ಲಿಯೇ, ಯಾಕೆಂದರೆ ಇದು ಎಲ್ಲರಿಗೂ ಕೊಡುವ ನೆರವಲ್ಲ, ಆರಿಸಲೇಬೇಕು.

ಆರಿಸಿಯೂ ಗುರುತು ಹಾಕದಿರಲು ಸಾಧ್ಯ ಎಂದು ನಮ್ಮ ರಾಜ್ಯವೇ ತೋರಿಸಿದೆ. 1995ರ ಸುಮಾರಿಗೆ ಎಚ್.ಡಿ. ಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಯ ಪ್ರಯೋಗ ನೋಡಿ ಬಂದು ಕಟ್ಟಿದ, ಒಂದರಿಂದ ಮೂರನೇ ತರಗತಿಯ ನಲಿ-ಕಲಿಯಲ್ಲಿ ಐದು ಗುಂಪುಗಳಿವೆ. ಶಿಕ್ಷಕರ ಪೂರ್ಣ ಸಹಾಯದ ಗುಂಪು, ಭಾಗಶಃ ಸಹಾಯದ ಗುಂಪು, ಗೆಳೆಯರ ಪೂರ್ಣ ಸಹಾಯದ್ದು, ಭಾಗಶಃ ಸಹಾಯದ್ದು, ಕೊನೆಗೆ ಸ್ವಕಲಿಕೆ. ಮಗು ಕಲಿಕಾ ಏಣಿಯಲ್ಲಿ ತಾನಿರುವ ಮೆಟ್ಟಿಲು ನೋಡಿ, ಕಾರ್ಡ್ ಎತ್ತಿಕೊಂಡು, ಕಾರ್ಡ್ ಹೇಳಿದ ಗುಂಪಿಗೆ ಹೋಗಿ ಕೂರುತ್ತದೆ. ಇವತ್ತು ಶಿಕ್ಷಕರ ಪಕ್ಕ ಕೂತ ಮಗು ನಾಡಿದ್ದು ಸ್ವಕಲಿಕೆಯಲ್ಲಿರುತ್ತದೆ, ಮುಂದಿನ ಮೈಲಿಗಲ್ಲಿಗೆ ಮತ್ತೆ ಶಿಕ್ಷಕರ ಪಕ್ಕ. ಜಾಣೆ ಅನ್ನಿಸಿಕೊಂಡವಳೂ ಅದೇ ಚಾಪೆಗೆ ತಿರುಗಿ ತಿರುಗಿ ಬರುವುದರಿಂದ ‘ದಡ್ಡರ ಗುಂಪು’ ಅನ್ನಲು ಗುಂಪೇ ನಿಲ್ಲುವುದಿಲ್ಲ. ನಲಿ-ಕಲಿಯ ಬಗ್ಗೆ ಬೇರೆ ತಕರಾರುಗಳಿವೆ (ಕಾರ್ಡು ಹರಿದಿರುತ್ತದೆ, ಮೂರು ತರಗತಿಗೆ ಒಬ್ಬರೇ ಶಿಕ್ಷಕರು), ಆದರೆ ನಮ್ಮ ಅಳತೆಗೋಲಿಗೆ ಹತ್ತಕ್ಕೆ ಒಂಬತ್ತು.

ನಾಲ್ಕನೇ ತರಗತಿಗೆ ಬಂದೊಡನೆ ಚಾಪೆ ಹೋಗಿ ಬೆಂಚು ಬರುತ್ತದೆ, ಬೆಂಚಿನ ಜೊತೆ ಪಟ್ಟಿ ಬರುತ್ತದೆ. ಇಲ್ಲಿಂದ ಮುಂದಿನ ಪರಿಹಾರ ಬೋಧನೆ ಚೆನ್ನಾಗಿ ನಡೆಯುವ ಶಾಲೆಯಲ್ಲಿ ಕೆಲಸ ಹೀಗೆ ಸಾಗುತ್ತದೆ. ಮೊದಲು ಪರೀಕ್ಷೆ, ಅದೂ ಒಬ್ಬೊಬ್ಬರಿಗೇ, ಹೊರಗೆ ಮರದ ಕೆಳಗೋ ಜಗಲಿಯ ತುದಿಯಲ್ಲೋ, ಬೇರೆಯವರ ಕಿವಿಗೆ ಬೀಳದಷ್ಟು ದೂರ. ಒಂದು ಹಾಳೆ ಸಾಕು: ಅಕ್ಷರ, ಸರಳ ಪದ, ನಾಲ್ಕು ವಾಕ್ಯದ ತುಣುಕು, ಪುಟ್ಟ ಕಥೆ. ಮಧ್ಯದಿಂದ, ಅಂದರೆ ವಾಕ್ಯಗಳಿಂದ ಶುರು ಮಾಡಿ. ಓದಿದರೆ ಕಥೆಗೆ ಏರಿಸಿ, ತಡವರಿಸಿದರೆ ಪದಕ್ಕೆ ಇಳಿಸಿ. ಮಗುವಿಗೆ ಐದು ನಿಮಿಷ. ಒತ್ತಕ್ಷರದಲ್ಲಿ ಮುಗ್ಗರಿಸುವವರೇ ಹೆಚ್ಚು ಸಿಗುತ್ತಾರೆ: ‘ವಿಜ್ಞಾನ’, ‘ರಾಷ್ಟ್ರ’ ಬಂದಲ್ಲಿ ಮೌನ. ಲೆಕ್ಕದಲ್ಲಿ ದಶಕ ಕಡ ತೆಗೆದುಕೊಳ್ಳುವ ವ್ಯವಕಲನ, ಆಮೇಲೆ ಭಾಗಾಕಾರ. ಎಲ್ಲಿ ಸಿಕ್ಕಿಕೊಂಡಿದೆ ಎಂದು ಗೊತ್ತಾಗದೆ ಕೊಡುವ ಹೆಚ್ಚುವರಿ ಪಾಠ ಅದೇ ಪಾಠದ ಎರಡನೇ ಸುತ್ತು ಅಷ್ಟೇ.

ಎರಡನೆಯದು ವೇಳೆ. ನಾಲ್ಕು, ಐದು, ಆರನೇ ತರಗತಿಯ ಎಲ್ಲ ಮಕ್ಕಳೂ ಒಂದೇ ಬೆಲ್ಲಿಗೆ ಏಳಬೇಕು, ತಮ್ಮ ತಮ್ಮ ಮಟ್ಟದ ಕೋಣೆಗೆ ಹೋಗಬೇಕು. ನಲವತ್ತು ನಿಮಿಷ ಕಳೆದು ಎಲ್ಲರೂ ವಾಪಸು. ಶಾಲೆಯೇ ಎದ್ದು ಓಡಾಡುವಾಗ ಯಾರು ಎಲ್ಲಿಗೆ ಹೋದರು ಎಂದು ನೋಡುವ ಪುರುಸೊತ್ತು ಯಾರಿಗೂ ಇರುವುದಿಲ್ಲ. ಇದಕ್ಕೆ ಬದಲಾಗಿ ಪಿಟಿ ಪೀರಿಯಡ್ಡಿನಲ್ಲಿ ನಾಲ್ವರನ್ನು ತಡೆದು ಕೂರಿಸಿಕೊಂಡರೆ ಅವರು ಕಿಟಕಿಯಾಚೆ ಖೋಖೋ ನೋಡುತ್ತ ಪಾಠವನ್ನು ಶಿಕ್ಷೆ ಎಂದೇ ಲೆಕ್ಕ ಹಾಕುತ್ತಾರೆ. ಮೂರನೆಯದು ಬಿಡುಗಡೆ. ಇಪ್ಪತ್ತು ದಿನಕ್ಕೊಮ್ಮೆ ಮತ್ತೆ ಅದೇ ಹಾಳೆ, ಮೇಲೇರಿದವರನ್ನು ಅವತ್ತೇ ಮುಂದಿನ ಕೋಣೆಗೆ ಕಳಿಸುವುದು.

ಕೆಡುವುದು ಸಾಮಾನ್ಯವಾಗಿ ಈ ಮೂರನೆಯದರಲ್ಲಿ. ಜೂನ್‌ನಲ್ಲಿ ಬರೆದ ಪಟ್ಟಿ ಮಾರ್ಚ್‌ವರೆಗೆ ಗೋಡೆಯ ಮೇಲಿರುತ್ತದೆ. ಗುಂಪಿಗೆ ಕಾವೇರಿ, ತುಂಗಾ, ಶರಾವತಿ ಎಂದು ಚಂದದ ಹೆಸರಿಟ್ಟರೆ ಸರಿಹೋಯಿತೆಂದು ತಿಳಿಯುವವರಿದ್ದಾರೆ. ಒಂದೇ ವಾರ ಸಾಕು, ‘ಅವನು ಶರಾವತಿ ಕಣೋ’ ಎಂಬುದು ಬೈಗುಳವಾಗುತ್ತದೆ, ಪಾಪ ಶರಾವತಿ. ಇನ್ನೊಂದು ಎಡವಟ್ಟು, ಆದಾಯದ ಪಟ್ಟಿಯನ್ನೂ ಕಲಿಕೆಯ ಪಟ್ಟಿಯನ್ನೂ ಶಿಕ್ಷಕರ ಮನಸ್ಸಿನಲ್ಲಿ ಒಂದೇ ಮಾಡಿಕೊಳ್ಳುವುದು. ‘ಅವರ ಮನೆ ಪರಿಸ್ಥಿತಿ ಗೊತ್ತಲ್ಲ ಸಾರ್’ ಎಂಬ ಮಾತು ಕರುಣೆಯಿಂದಲೇ ಹುಟ್ಟುತ್ತದೆ, ಆದರೆ ಮಗುವನ್ನು ಅಳೆಯದೆಯೇ ಪಟ್ಟಿಗೆ ಸೇರಿಸಿಬಿಡುತ್ತದೆ. ಗಾರೆ ಕೆಲಸದವರ ಮಗಳು ಓದುವುದರಲ್ಲಿ ಮುಂದಿದ್ದೂ ‘ನಿಧಾನ ಕಲಿಕೆ’ ಗುಂಪಿನಲ್ಲಿ ಕುಳಿತಿರುವುದಕ್ಕೆ ಬೇರೆ ಕಾರಣ ಇರುವುದಿಲ್ಲ.

ಹತ್ತನೇ ತರಗತಿಗೆ ಬಂದರೆ ಅದರ ಹೆಸರು ಪಾಸಿಂಗ್ ಪ್ಯಾಕೇಜ್. ತೇರ್ಗಡೆಯಾಗಲು ಬೇಕಾದಷ್ಟನ್ನು ಮಾತ್ರ ಆರಿಸಿ, ಮತ್ತೆ ಮತ್ತೆ ಬರೆಸುವ ಕ್ರಮ. ಗಣಿತದಲ್ಲಿ ಎರಡು ಸಮೀಕರಣದ ನಕ್ಷೆ, ಥೇಲ್ಸ್ ಪ್ರಮೇಯ, ಸರಾಸರಿ-ಮಧ್ಯಾಂಕ. ವಿಜ್ಞಾನದಲ್ಲಿ ಹೃದಯ, ಕಣ್ಣಿನ ಚಿತ್ರ. ಸಮಾಜದಲ್ಲಿ ಭಾರತದ ನಕ್ಷೆ. ಕನ್ನಡದಲ್ಲಿ ಕಂಠಪಾಠದ ಪದ್ಯ, ಪತ್ರ, ಗಾದೆ ವಿಸ್ತರಣೆ. ಹಂಗಿಸುವವರು ಹಂಗಿಸಲಿ, ಕೊನೆಯ ನಾಲ್ಕು ತಿಂಗಳಲ್ಲಿ ಇದು ಕೆಲಸ ಮಾಡುತ್ತದೆ, ಎಷ್ಟೋ ಮನೆಗೆ ಮೊದಲ ಎಸ್ಸೆಸ್ಸೆಲ್ಸಿ ಇದರಿಂದಲೇ ಬಂದಿದೆ. ತಕರಾರು ಇರುವುದು ಯಾವಾಗ ಶುರು ಮಾಡುತ್ತಾರೆ ಎಂಬುದರಲ್ಲಿ. ಜುಲೈನಲ್ಲೇ ‘ನೀನು ಪಾಸಿಂಗ್ ಪ್ಯಾಕೇಜ್’ ಎಂದು ವಿಂಗಡಿಸಿದರೆ, ಉಳಿದ ಪಾಠ ನಿನ್ನ ಪಾಲಿನದಲ್ಲ ಎಂದು ಬಾಗಿಲು ಹಾಕಿದ ಹಾಗೆ. ಡಿಸೆಂಬರ್‌ವರೆಗೆ ಎಲ್ಲರಿಗೂ ಎಲ್ಲ ಪಾಠ, ಆಮೇಲೆ ಬೇಕಾದವರಿಗೆ ಪ್ಯಾಕೇಜು ಎಂದಿಟ್ಟುಕೊಂಡ ಶಾಲೆಗಳು ಮೇಲು.

ಬೆಳಿಗ್ಗೆ ಎಂಟೂವರೆಯ ವಿಶೇಷ ತರಗತಿಗೆ ಯಾರು ಬರುವುದಿಲ್ಲ ಎಂದು ನೋಡಿ. ಹಾಲು ಡೇರಿಗೆ ಹಾಕಿ ಬರಬೇಕಾದವನು, ತಂಗಿಯನ್ನು ಅಂಗನವಾಡಿಗೆ ಬಿಟ್ಟು ಬರಬೇಕಾದವಳು, ಮೊದಲ ಬಸ್ಸೇ ಒಂಬತ್ತಕ್ಕೆ ಇರುವ ಹಳ್ಳಿಯವರು. ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟ್ ಚಿಂತೆ ಇಲ್ಲ, ಬಸ್ಸಿನ ವೇಳೆಯ ಚಿಂತೆ ಹಾಗೆಯೇ ಇದೆ. ಬಂದವರೂ ಹೊಟ್ಟೆಗೆ ಏನೂ ಇಲ್ಲದೆ ಬಂದಿರುತ್ತಾರೆ, ಒಂಬತ್ತೂವರೆಗೆ ಕಣ್ಣು ತೂಗುತ್ತದೆ. ‘ಆಸಕ್ತಿ ಇಲ್ಲ’ ಎಂದು ವರದಿ ಬರೆಯುವ ಮೊದಲು ಬಸ್ಸಿನ ವೇಳಾಪಟ್ಟಿ ನೋಡಿ, ಒಂದು ಹಿಡಿ ಹುರಿದ ಶೇಂಗಾ, ಬೆಲ್ಲದ ಚೂರು ಕೊಡಿ. ಪೋಷಕರ ಸಭೆಯಲ್ಲಿ ಅಂಕಪಟ್ಟಿಯನ್ನು ಗಟ್ಟಿಯಾಗಿ ಓದುವ ಪದ್ಧತಿಗೆ ಸೊನ್ನೆ ಅಂಕ. ಹೆಬ್ಬೆಟ್ಟೊತ್ತುವ ತಾಯಿಯೊಬ್ಬರು ಎಲ್ಲರೆದುರು ‘ನಿಮ್ಮ ಮಗ ಪಾಸಾಗೋದೇ ಕಷ್ಟ’ ಎಂದು ಕೇಳಿಸಿಕೊಂಡ ಮೇಲೆ ಮುಂದಿನ ಸಭೆಗೆ ಬರುವುದಿಲ್ಲ. ಆಮೇಲೆ ‘ಪೋಷಕರ ಸಹಕಾರವಿಲ್ಲ’ ಎಂದೂ ಬರೆಯುತ್ತಾರೆ.

ಸ್ಕಾಲರ್‌ಶಿಪ್

‘ಎಸ್‌ಸಿ ಎಸ್‌ಟಿ ಮಕ್ಕಳು ಎದ್ದು ನಿಂತ್ಕೊಳ್ಳಿ, ಬಿಪಿಎಲ್ ಕಾರ್ಡ್ ಇರೋರು ಕೈ ಎತ್ತಿ.’ ವಿದ್ಯಾರ್ಥಿವೇತನದ ಅರ್ಜಿ ಕಾಲದಲ್ಲಿ ಈ ಮಾತು ಕೇಳದ ಶಾಲೆ ಅಪರೂಪ. ಜಾತಿ, ಆದಾಯ ಎರಡನ್ನೂ ಒಂದೇ ಉಸಿರಿನಲ್ಲಿ ತರಗತಿಗೆ ತಿಳಿಸುವ ಈ ಪದ್ಧತಿಗೆ ಅಗತ್ಯವೇ ಇಲ್ಲ, ಯಾಕೆಂದರೆ ವಿವರವೆಲ್ಲ ದಾಖಲಾತಿಯಲ್ಲೇ ಇದೆ. ಆಫೀಸಿನಲ್ಲಿ ಪಟ್ಟಿ ತೆಗೆದು ಮನೆಗೆ ಫೋನ್ ಮಾಡಿದರಾಯಿತು. ಅದಕ್ಕೂ ಒಳ್ಳೆಯ ಉಪಾಯ, ಜುಲೈನಲ್ಲಿ ಒಂದು ದಿನ ಎಲ್ಲ ಪೋಷಕರನ್ನೂ ದಾಖಲೆ ಪರಿಶೀಲನೆಗೆಂದು ಕರೆಯುವುದು. ಎಲ್ಲರ ಆಧಾರ್, ಎಲ್ಲರ ಬ್ಯಾಂಕ್ ಪಾಸ್‌ಬುಕ್ ನೋಡುವಾಗ ಯಾರು ಯಾವ ಅರ್ಜಿಗೆ ಸಹಿ ಹಾಕಿದರು ಎಂಬುದು ಮೇಜಿನ ಆಚೆಗೆ ಹೋಗುವುದಿಲ್ಲ.

ರಾಜ್ಯದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್ಲಿನಲ್ಲಿ ಅರ್ಜಿ ಸಿಕ್ಕಿಬೀಳುವ ಜಾಗಗಳು ಗೊತ್ತಿದ್ದವೇ. ಆಧಾರಿನಲ್ಲಿ ‘ಮಂಜುಳ ಎಚ್’, ಶಾಲೆಯ ಸ್ಯಾಟ್ಸ್ (ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ವಿವರ) ದಾಖಲೆಯಲ್ಲಿ ‘ಎಚ್ ಮಂಜುಳಾ’ ಆದರೆ ಹೊಂದುವುದಿಲ್ಲ. ನಾಡಕಚೇರಿಯ ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯ ಅವಧಿ ಮುಗಿದಿರುತ್ತದೆ. ಖಾತೆಗೆ ಆಧಾರ್ ಜೋಡಿಸಿದ್ದರೂ ಎನ್‌ಪಿಸಿಐ ಮ್ಯಾಪಿಂಗ್ (ಸರ್ಕಾರದ ನೇರ ಹಣ ವರ್ಗಾವಣೆ, ಅಂದರೆ ಡಿಬಿಟಿ, ಯಾವ ಖಾತೆಗೆ ಬರಬೇಕೆಂಬ ನೋಂದಣಿ) ಆಗಿರುವುದಿಲ್ಲ. ಬ್ಯಾಂಕಿನಲ್ಲಿ ‘ಆಧಾರ್ ಲಿಂಕ್ ಆಗಿದೆ’ ಅಂದರೆ ಸಾಲದು, ‘ಡಿಬಿಟಿಗೆ ಸೀಡಿಂಗ್ ಆಗಿದೆಯಾ’ ಎಂದೇ ಕೇಳಬೇಕು. ಹಣ ಬಾರದ್ದಕ್ಕೆ ಮಗುವನ್ನು ಮೂರು ಸಲ ಆಫೀಸಿಗೆ ಕರೆಸಿ ನಿಲ್ಲಿಸುವುದೂ ಒಂದು ಬಗೆಯ ಹೆಸರು ಕೂಗುವಿಕೆಯೇ.

ಇವುಗಳ ನಡುವೆ ಎನ್‌ಎಂಎಂಎಸ್ ಎಂಬ ವಿಚಿತ್ರ ಕೂಸು ಇದೆ, ಆದಾಯ ಮತ್ತು ಪ್ರತಿಭೆ ಎರಡನ್ನೂ ನೋಡಿ ಕೊಡುವ ಕೇಂದ್ರದ ವಿದ್ಯಾರ್ಥಿವೇತನ. ಎಂಟನೇ ತರಗತಿಯಲ್ಲಿ ಪರೀಕ್ಷೆ, ಬೌದ್ಧಿಕ ಸಾಮರ್ಥ್ಯಕ್ಕೆ 90 ಪ್ರಶ್ನೆ, ವಿಷಯ ಜ್ಞಾನಕ್ಕೆ 90. ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಮನೆಯ ಆದಾಯ ಮೂರೂವರೆ ಲಕ್ಷ ಮೀರಬಾರದು, ಸರ್ಕಾರಿ ಅಥವಾ ಅನುದಾನಿತ ಶಾಲೆಯ ಮಗುವೇ ಆಗಿರಬೇಕು. ಅಂದರೆ ಇದೂ ಬಡವರಿಗೆಂದೇ ಇಟ್ಟದ್ದು. ಆದರೆ ಫಲಿತಾಂಶ ಬಂದ ದಿನ ಪ್ರಾರ್ಥನೆ ವೇಳೆಗೆ ಇದೇ ಹೆಸರನ್ನು ಕೂಗುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ಮಗು ಎದೆ ಉಬ್ಬಿಸಿ ಮುಂದೆ ಬರುತ್ತದೆ. ಆದಾಯದ ಷರತ್ತು ಅರ್ಜಿಯೊಳಗೆ ಅಡಗಿದೆ, ಹೊರಗೆ ಕಾಣುವುದು ಗೆಲುವು. ದೋಷ ಅಂದರೆ, ಹೆಚ್ಚು ಆಸರೆ ಬೇಕಾದ ಮಗುವಿಗೆ ಈ ದಾರಿ ತೆರೆಯುವುದಿಲ್ಲ. ಓದಿನಲ್ಲಿ ಆಗಲೇ ಮುಂದಿರುವವರೇ ದಾಟುತ್ತಾರೆ. ಗೆದ್ದವರೂ ಪ್ರತಿ ವರ್ಷ ರಾಷ್ಟ್ರೀಯ ಪೋರ್ಟಲ್ಲಿನಲ್ಲಿ ನವೀಕರಿಸಬೇಕು. ಹತ್ತು ಮುಗಿಸಿ ಕಾಲೇಜು ಸೇರಿದ ವರ್ಷ ಹಳೆಯ ಶಾಲೆಯೂ ನೆನಪಿಸದೆ, ಹೊಸ ಕಾಲೇಜಿಗೂ ಗೊತ್ತಿಲ್ಲದೆ ಎಷ್ಟೋ ಮಕ್ಕಳ ಹಣ ನಿಂತುಹೋಗುತ್ತದೆ.

ಮತ್ತೆ ಆ ಫ್ಲೆಕ್ಸು

ನೋಟ್‌ಬುಕ್ ಕೊಡುವವರಿಗೆ ಕೊಡಬೇಡಿ ಎಂದು ಹೇಳುವ ಸ್ಥಿತಿಯಲ್ಲಿ ಯಾವ ಶಾಲೆಯೂ ಇಲ್ಲ. ಪ್ರೌಢಶಾಲೆಯ ಮಗುವಿಗೆ ಆರು ವಿಷಯಕ್ಕೆ 200 ಪುಟದ್ದು ಹನ್ನೆರಡು, ಒಂದು ಗ್ರಾಫ್ ಪುಸ್ತಕ, ಒಂದು ಜಾಮಿಟ್ರಿ ಬಾಕ್ಸ್ ಬೇಕೇ ಬೇಕು. ಚಿಕ್ಕ ತರಗತಿಗೆ ನಾಲ್ಕು ಗೆರೆಯದು, ಚೌಕದ್ದು. ಎಷ್ಟು, ಯಾವುದು ಎಂದು ಮೇ ತಿಂಗಳಲ್ಲೇ ಮುಖ್ಯ ಶಿಕ್ಷಕರನ್ನು ಕೇಳಿ. ಕೇಳದೆ ತಂದವರು ಒಂದನೇ ತರಗತಿಗೂ ಒಂಟಿಗೆರೆಯ ಲಾಂಗ್ ಬುಕ್ ತಂದಿರುತ್ತಾರೆ. ರಟ್ಟಿನ ಪೆಟ್ಟಿಗೆಯನ್ನು ಹಾಗೆಯೇ ತರಗತಿ ಶಿಕ್ಷಕರಿಗೆ ಒಪ್ಪಿಸಿ, ತರಗತಿಯ ಎಲ್ಲರಿಗೂ ಆಗುವಷ್ಟು. ಎಲ್ಲರಿಗೂ ಆಗದಿದ್ದರೆ ಶಾಲೆ ಹೆಚ್ಚಿಸುವ ಬದಲು ತರಗತಿ ಕಡಿಮೆ ಮಾಡಿ: ಐದು ಶಾಲೆಯ ‘ಆಯ್ದ ಹತ್ತು ಬಡ ಮಕ್ಕಳಿಗೆ’ ಕೊಡುವುದಕ್ಕಿಂತ ಒಂದು ಶಾಲೆಯ ಒಂಬತ್ತನೇ ತರಗತಿ ಪೂರ್ತಿ. ರಟ್ಟಿನ ಮೇಲೆ ನಿಮ್ಮ ಮುಖ ಬೇಡ. ವರ್ಷವಿಡೀ ಆ ಪುಸ್ತಕ ಬ್ಯಾಗಿನಿಂದ ಹೊರಗೆ ಬಂದಾಗಲೆಲ್ಲ ಇದು ದಾನದ್ದು ಎಂದು ಅದು ಹೇಳುತ್ತಿರುತ್ತದೆ. ಮಕ್ಕಳು ಕ್ಯಾಲೆಂಡರ್ ಹಾಳೆಯ ರಟ್ಟು ಹಾಕಿ ಮುಚ್ಚುವುದು ಪುಸ್ತಕ ಹರಿಯದಿರಲಿ ಎಂದಷ್ಟೇ ಅಲ್ಲ. ಫ್ಲೆಕ್ಸ್ ಬೇಕೇ ಬೇಕೆಂದರೆ ಮೊದಲ ಪದ ‘ಬಡ’ವನ್ನು ತೆಗೆಸಿ. ಪ್ರಿಂಟಿಂಗಿಗೆ ಒಂದು ಪದ ಕಡಿಮೆ.

ಸಂಜೆ ಓದಲು ಜಾಗವಿಲ್ಲದ ಮಕ್ಕಳಿಗೆ ದಾನಿಗಳು ಟ್ಯೂಷನ್ ಕೇಂದ್ರ ತೆರೆಯುವ ಮೊದಲು ಒಮ್ಮೆ ಗ್ರಾಮ ಪಂಚಾಯಿತಿ ಗ್ರಂಥಾಲಯದ ಬಾಗಿಲು ತಟ್ಟಿ ನೋಡಿ. ಈಗ ಅದರ ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಎಂದಿರುತ್ತದೆ. 2020ರಲ್ಲಿ ಶುರುವಾದ ಓದುವ ಬೆಳಕು ಕಾರ್ಯಕ್ರಮದಿಂದ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ. ಪುಸ್ತಕ, ಲೈಟು, ಫ್ಯಾನು ಇವೆ. ಕೆಲವು ಕಡೆ ಕಂಪ್ಯೂಟರೂ ಇದೆ. ಕೊರತೆ ಇರುವುದು ವೇಳೆಯಲ್ಲಿ, ಹೋಮ್‌ವರ್ಕ್ ಹೇಳಿಕೊಡುವ ಒಬ್ಬರಲ್ಲಿ. ಸಂಜೆ ಆರರಿಂದ ಎಂಟರವರೆಗೆ ಬಾಗಿಲು ತೆರೆಸುವಂತೆ ಪಂಚಾಯಿತಿಯನ್ನು ಒಪ್ಪಿಸಿ, ಊರಿನ ಡಿಗ್ರಿ ಓದುವ ಹುಡುಗಿಯೊಬ್ಬಳಿಗೆ ತಿಂಗಳ ಗೌರವಧನ ಕೊಡಿ. ಅಲ್ಲಿಗೆ ವಕೀಲರ ಮಗನೂ ಬರುತ್ತಾನೆ, ಗಾರೆಯವರ ಮಗಳೂ ಬರುತ್ತಾಳೆ. ಬಾಗಿಲಲ್ಲಿ ಕೇಳುವುದು ಒಂದೇ, ಚಪ್ಪಲಿ ಹೊರಗೆ ಬಿಟ್ಟಿರಾ ಎಂದು.